ಪಿತ್ತನಾಳಕ್ಕೆ ಸ್ಟೆಂಟ್: ಪ್ಲಾಸ್ಟಿಕ್ಕೋ ಮೆಟಲ್ಲೋ? ಗೊತ್ತಿದ್ದವರು ಹೇಳಿ

ತೀರ್ಥಹಳ್ಳಿ ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯನಿಗೆ 74 ವರ್ಷ. ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಕ್ಯಾನ್ಸರ್. ಲಿವರ್‌ಗೂ ಹಬ್ಬಿದೆ, ಆಪರೇಷನ್ ಮಾಡುವ ಹಂತ ದಾಟಿದೆ ಅಂದಿದ್ದಾರೆ. ಲಿವರಿನಿಂದ ಕರುಳಿಗೆ ಪಿತ್ತ ಹೋಗುವ ಪಿತ್ತನಾಳವನ್ನು ಗಡ್ಡೆ ಒತ್ತಿ ಮುಚ್ಚಿಬಿಟ್ಟಿದೆ. ರಕ್ತದಲ್ಲಿ ಕಾಮಾಲೆ ತೋರಿಸುವ ಬಿಲಿರುಬಿನ್ 18 ಇದೆ, ಬಹಳ ಜಾಸ್ತಿ. ಕಣ್ಣು, ಮೈ ಎಲ್ಲ ಹಳದಿ. ಊಟ ಸೇರುವುದಿಲ್ಲ. ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ತುರಿಕೆ. ರಾತ್ರಿಯಿಡೀ ಕೆರೆದುಕೊಂಡು ಬೆನ್ನು, ಕಾಲು ಎಲ್ಲ ಗಾಯ. ಅಲರ್ಜಿ ಮಾತ್ರೆ ಕೊಟ್ಟರೂ ಏನೂ ಪ್ರಯೋಜನವಾಗಿಲ್ಲ.

ಡಾಕ್ಟರು ಇಆರ್‌ಸಿಪಿ ಮಾಡಿ, ಅಂದರೆ ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ನಾಳ ತೆರೆದಿಡುವ ಸ್ಟೆಂಟ್ ಎಂಬ ಕೊಳವೆ ಹಾಕೋಣ, ಪ್ಲಾಸ್ಟಿಕ್ ಬೇಕೋ ಮೆಟಲ್ ಬೇಕೋ ಮನೆಯವರು ಮಾತಾಡಿಕೊಂಡು ಬನ್ನಿ ಅಂದರು. ಮೆಟಲ್ಲಿಗೆ ದುಡ್ಡು ಬಹಳ ಜಾಸ್ತಿ. ಅಣ್ಣ ಹೇಳುತ್ತಾನೆ, ಗುಣ ಆಗದ ಕಾಯಿಲೆಗೆ ಯಾವುದಾದರೇನು, ಕಡಿಮೆಯದ್ದೇ ಹಾಕಿಸೋಣ ಅಂತ. ನನಗೆ ಹಾಗನ್ನಿಸುತ್ತಿಲ್ಲ. ಆದರೆ ಯಾಕೆ ಅಂತ ಅವನಿಗೆ ಹೇಳುವಷ್ಟು ನನಗೂ ಗೊತ್ತಿಲ್ಲ. ನಮ್ಮ ಮನೆ ಆಗುಂಬೆ ಕಡೆ, ಟಾರ್ ರಸ್ತೆಯಿಂದ ಒಳಗೆ. ಮಳೆಗಾಲ ಬೇರೆ ಶುರುವಾಗಿದೆ. ಈ ಹಾದಿ ದಾಟಿ ಬಂದವರು ದಯವಿಟ್ಟು ಹೇಳಿ.

ಭದ್ರಾವತಿಯ ಮಗ:

ಅಕ್ಕಾ, ನಮ್ಮ ಅಮ್ಮನಿಗೆ ಇದೇ ಆಗಿತ್ತು. ಮೊದಲು ಪ್ಲಾಸ್ಟಿಕ್ ಹಾಕಿಸಿದೆವು. ತುರಿಕೆ ಕೆಲವೇ ದಿನದಲ್ಲಿ ಇಳಿಯಿತು. ಅದೊಂದಕ್ಕೇ ಸ್ಟೆಂಟ್ ಹಾಕಿಸಿದ್ದು ಸಾರ್ಥಕ ಅನ್ನಿಸಿತು. ಅಮ್ಮ ಸರಿಯಾಗಿ ನಿದ್ದೆ ಮಾಡಿದರು, ತಾವೇ ಕೇಳಿ ಗಂಜಿ ಹಾಕಿಸಿಕೊಂಡರು.

ಆಮೇಲೆ ಮೂರು ತಿಂಗಳು ತುಂಬುವ ಮೊದಲೇ ಒಂದು ಸಂಜೆ ಚಳಿ ಹತ್ತಿತು. ಕಂಬಳಿ ಹೊದೆಸಿದರೂ ನಡುಕ ನಿಲ್ಲಲಿಲ್ಲ, ಜೊತೆಗೆ ಜ್ವರ. ಸ್ಟೆಂಟ್ ಕಟ್ಟಿಕೊಂಡು ಪಿತ್ತನಾಳದಲ್ಲಿ ಸೋಂಕಾಗಿತ್ತು. ಆಸ್ಪತ್ರೆಗೆ ಸೇರಿಸಿ, ಆ್ಯಂಟಿಬಯಾಟಿಕ್ ಹಾಕಿ, ಸ್ಟೆಂಟ್ ಬದಲಾಯಿಸಿದರು. ಎರಡನೇ ಸಲ ಮೆಟಲ್ಲೇ ಹಾಕಿದ್ದು. ಅಮ್ಮ ಇರುವವರೆಗೂ ಅದು ಮುಚ್ಚಲಿಲ್ಲ.

ನಿಮ್ಮ ಅಣ್ಣನಿಗೆ ಒಂದು ಲೆಕ್ಕ ಹೇಳಿ. ಸ್ಟೆಂಟಿನ ಬೆಲೆ ಮಾತ್ರ ನೋಡಬಾರದು. ಪ್ರತಿ ಸಲ ಬದಲಾಯಿಸುವಾಗ ಇಆರ್‌ಸಿಪಿ ಚಾರ್ಜು, ಅರಿವಳಿಕೆ, ರಕ್ತಪರೀಕ್ಷೆ, ವಾರ್ಡು, ಗಾಡಿ ಬಾಡಿಗೆ, ಜೊತೆಗಿರುವವರ ಊಟ, ರಜೆ. ಅದರ ಮೇಲೆ ರೋಗಿಗೆ ಆಗುವ ಸುಸ್ತು. ಅಮ್ಮನಿಗೆ ಆ ಜ್ವರದ ವಾರದಲ್ಲಿ ಇಳಿದ ತೂಕ ಮತ್ತೆ ಬರಲೇ ಇಲ್ಲ.

ಎಂಡೋಸ್ಕೋಪಿ ಸಿಸ್ಟರ್, ಶಿವಮೊಗ್ಗ:

ನಾನು ಎಂಡೋಸ್ಕೋಪಿ ರೂಮಿನಲ್ಲಿ ಕೆಲಸ ಮಾಡುವವಳು. ದಿನಾ ಕೈಯಲ್ಲಿ ಹಿಡಿಯುವ ವಸ್ತು ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ಲಾಸ್ಟಿಕ್ ಸ್ಟೆಂಟ್ ಅಂದರೆ ಬಾಲ್‌ಪೆನ್ನಿನ ರೀಫಿಲ್ ದಪ್ಪದ ಕೊಳವೆ. ಸಾಮಾನ್ಯವಾಗಿ ಹಾಕುವ 10 ಫ್ರೆಂಚ್ ಸೈಜ್ ಅಂದರೆ ಹೊರಗಿನ ಅಡ್ಡಳತೆ 3.3 ಮಿಲಿಮೀಟರ್. ಒಳಗಿನ ತೂತು ಅದಕ್ಕಿಂತ ಚಿಕ್ಕದು. ಜಾರದ ಹಾಗೆ ಎರಡೂ ತುದಿಗೆ ಸಣ್ಣ ರೆಕ್ಕೆ ಇರುತ್ತದೆ, ಇಲ್ಲವೇ ತುದಿ ಸುರುಳಿಯಾಗಿರುತ್ತದೆ. ಎಂಡೋಸ್ಕೋಪ್ ಒಳಗೆ ತೂರಬೇಕಲ್ವಾ, ಅದಕ್ಕೇ ಇದನ್ನು ಬೇಕಾದಷ್ಟು ದಪ್ಪ ಮಾಡಲು ಆಗುವುದಿಲ್ಲ.

ಮೆಟಲ್ ಸ್ಟೆಂಟ್ ತಂತಿ ಜಾಲರಿ. ಈಗ ಹೆಚ್ಚಾಗಿ ನಿಟಿನಾಲ್ ಎಂಬ ಮಿಶ್ರಲೋಹದ್ದು. ಮಡಚಿ ಸಣ್ಣ ಕೊಳವೆಯೊಳಗೆ ಇಟ್ಟಿರುತ್ತಾರೆ. ಜಾಗಕ್ಕೆ ತಲುಪಿದ ಮೇಲೆ ಹೊರಗಿನ ಕವಚ ಹಿಂದಕ್ಕೆ ಎಳೆದರೆ ತಾನಾಗೇ ಅರಳಿ 8 ಅಥವಾ 10 ಮಿಲಿಮೀಟರ್ ಆಗುತ್ತದೆ. ಪೂರ್ತಿ ಅರಳಲು ಒಂದೆರಡು ದಿನ ಬೇಕಾಗಬಹುದು. ಪ್ಲಾಸ್ಟಿಕ್‌ಗಿಂತ ಎರಡೂವರೆಯಿಂದ ಮೂರು ಪಟ್ಟು ಅಗಲ. ಬಾಳಿಕೆ ಜಾಸ್ತಿ ಇರಲು ಮುಖ್ಯ ಕಾರಣ ಇದೇ.

ಪ್ಲಾಸ್ಟಿಕ್ ಯಾಕೆ ಕಟ್ಟಿಕೊಳ್ಳುತ್ತದೆ ಅಂದರೆ, ಕರುಳಿನ ಬ್ಯಾಕ್ಟೀರಿಯಾ ಒಳಗೋಡೆಗೆ ಅಂಟಿ ಲೋಳೆಯ ಪದರ ಕಟ್ಟುತ್ತವೆ. ಅದರ ಮೇಲೆ ಪಿತ್ತದ ಗಸಿ ಕೂರುತ್ತದೆ. ಕಿರಿದಾದ ತೂತು ಬೇಗ ಮುಚ್ಚುತ್ತದೆ. ಅದಕ್ಕೇ ಸುಮಾರು ಮೂರು ತಿಂಗಳಿಗೆ ಬದಲಾಯಿಸಿ ಅನ್ನುವುದು. ತೊಂದರೆ ಇಲ್ಲವಲ್ಲ ಅಂತ ಅದನ್ನು ಹಾಗೇ ಬಿಟ್ಟು, ಜ್ವರ ಬಂದ ಮೇಲೆ ಓಡಿ ಬರುವವರನ್ನು ನೋಡಿದರೆ ಸಂಕಟವಾಗುತ್ತದೆ. ಡಿಸ್ಚಾರ್ಜ್ ಕಾಗದದಲ್ಲಿ ಯಾವ ಸ್ಟೆಂಟ್, ಎಷ್ಟು ಉದ್ದ, ಯಾವ ತಾರೀಖು ಅಂತ ಬರೆಸಿಕೊಳ್ಳಿ. ಮನೆಯ ಇಬ್ಬರ ಫೋನಿನಲ್ಲಿ ಅದರ ಫೋಟೊ ಇರಲಿ.

ಇನ್ನೊಂದು. ಪಿತ್ತ ಕರುಳಿಗೆ ಬರದಿದ್ದರೆ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲ, ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಪಿಟಿ ಐಎನ್‌ಆರ್ ಪರೀಕ್ಷೆ ಮಾಡಿ, ಜಾಸ್ತಿ ಇದ್ದರೆ ಇಂಜೆಕ್ಷನ್ ಕೊಟ್ಟು ಸರಿ ಮಾಡಿಕೊಳ್ಳುತ್ತಾರೆ. ನಿಮ್ಮ ತಂದೆಯವರು ಹೃದಯಕ್ಕೋ ಪಾರ್ಶ್ವವಾಯುವಿಗೋ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಕೊಪ್ಪದಿಂದ:

ಮಾರಾಯ್ರೆ, ಕಾಮಾಲೆಗೆ ನಮ್ಮ ಕಡೆ ನಾಟಿ ಔಷಧಿ ಕೊಡುವವರು ಇದ್ದಾರೆ. ನೆಲನೆಲ್ಲಿ ಅರೆದು ಹಾಲಿನಲ್ಲಿ ಕೊಡುತ್ತಾರೆ. ನಮ್ಮ ಮಾವನ ಕಾಮಾಲೆ ಅದರಲ್ಲೇ ಹೋಗಿದ್ದು. ಕೊಳವೆ ತೂರಿಸುವ ಮೊದಲು ಅದನ್ನೊಮ್ಮೆ ನೋಡಬಹುದಲ್ವಾ? ಅಷ್ಟು ವಯಸ್ಸಾದವರಿಗೆ ಯಾಕೆ ಹಿಂಸೆ ಅಂತ.

ಜಠರ ಕರುಳು ವೈದ್ಯ:

ಕೊಪ್ಪದವರು ಕಾಳಜಿಯಿಂದಲೇ ಕೇಳಿದ್ದಾರೆ, ಆದ್ದರಿಂದ ಮೊದಲು ಅದಕ್ಕೆ ಉತ್ತರ. ಕಾಮಾಲೆಯಲ್ಲಿ ಬಗೆ ಇದೆ. ನೀರಿನಿಂದ ಬರುವ ಹೆಪಟೈಟಿಸ್ ಎ ತರಹದ ವೈರಸ್ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತದೆ. ಆಗ ಏನು ಕೊಟ್ಟಿದ್ದರೂ ಅದಕ್ಕೇ ಹೆಸರು ಬರುತ್ತದೆ. ಇಲ್ಲಿ ಲಿವರ್ ಪಿತ್ತ ಮಾಡುತ್ತಿದೆ, ಹೊರಗೆ ಹೋಗಲು ದಾರಿ ಇಲ್ಲ. ಒತ್ತುತ್ತಿರುವ ಗಡ್ಡೆಯನ್ನು ಯಾವ ಸೊಪ್ಪೂ ಸರಿಸುವುದಿಲ್ಲ. ಕಾಯುತ್ತಾ ಕೂತರೆ ಲಿವರ್, ಮೂತ್ರಪಿಂಡ ಎರಡೂ ಸೋಲುತ್ತವೆ. ಮೈಗೆ ಬರೆ ಹಾಕಿಸಿಕೊಂಡು ಬರುವವರನ್ನು ನಾನು ಈಗಲೂ ನೋಡುತ್ತಿದ್ದೇನೆ. ದಯವಿಟ್ಟು ಅದು ಬೇಡ. ಮೂತ್ರ ಕಡು ಬಣ್ಣ, ಮಲ ಬಿಳಚಿದ್ದು, ಮೈ ತುರಿಕೆ, ತೂಕ ಇಳಿತ, ಇಷ್ಟೂ ಒಟ್ಟಿಗೆ ಇದ್ದರೆ ಮೊದಲು ಹೊಟ್ಟೆ ಸ್ಕ್ಯಾನ್ ಆಗಬೇಕು.

ಈಗ ಸ್ಟೆಂಟ್. ವರದಿ ನೋಡದೆ ನಿಮ್ಮ ತಂದೆಗೆ ಇದೇ ಸರಿ ಅಂತ ನಾನು ಹೇಳಲಾರೆ. ಆದರೆ ನಾವು ಹೇಗೆ ಯೋಚಿಸುತ್ತೇವೆ ಅಂತ ಹೇಳಬಲ್ಲೆ. ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಅಡ್ಡಿ ನಾಳದ ಕೆಳಭಾಗದಲ್ಲಿದೆಯೋ ಮೇಲ್ಭಾಗದಲ್ಲೋ ಎಂಬುದು. ಮೇದೋಜೀರಕದ ತಲೆಭಾಗದ ಗಡ್ಡೆ ಸಾಮಾನ್ಯವಾಗಿ ಕೆಳಭಾಗವನ್ನು ಒತ್ತುತ್ತದೆ. ಅಲ್ಲಿ ಒಂದೇ ನಾಳ. ಒಂದು ಸ್ಟೆಂಟ್ ಸಾಕು, ಕೆಲಸವೂ ಸುಲಭ. ಇಂಥ ಕಡೆ, ಆಪರೇಷನ್ ಆಗದು ಅಂತ ಖಚಿತವಿದ್ದರೆ, ಮೆಟಲ್ಲೇ ಮೊದಲ ಆಯ್ಕೆ. ಯುರೋಪಿನ ಎಂಡೋಸ್ಕೋಪಿ ತಜ್ಞರ ಸಂಘದ ಮಾರ್ಗಸೂಚಿಯೂ ಹಾಗೇ ಹೇಳುತ್ತದೆ.

ಇದಕ್ಕೆ ಆಧಾರ ಹಳೆಯದು. 1992ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಆಮ್‌ಸ್ಟರ್‌ಡ್ಯಾಮ್ ವೈದ್ಯರ ಅಧ್ಯಯನವೊಂದು ಬಂತು. 105 ರೋಗಿಗಳು, ಕೆಲವರಿಗೆ ಪ್ಲಾಸ್ಟಿಕ್, ಕೆಲವರಿಗೆ ಮೆಟಲ್. ಪ್ಲಾಸ್ಟಿಕ್ ಮುಚ್ಚದೆ ಉಳಿದ ಮಧ್ಯಮ ಅವಧಿ 126 ದಿನ, ಮೆಟಲ್ಲಿನದು 273 ದಿನ. ಆದರೆ ಎರಡೂ ಗುಂಪಿನವರು ಬದುಕಿದ ಅವಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮೆಟಲ್ ಆಯಸ್ಸು ಹೆಚ್ಚಿಸಲಿಲ್ಲ, ಆಸ್ಪತ್ರೆಗೆ ಮತ್ತೆ ಮತ್ತೆ ಅಲೆಯುವುದನ್ನು ತಪ್ಪಿಸಿತು. ಉಳಿದಿರುವ ದಿನವೇ ಕಡಿಮೆ ಇರುವವರಿಗೆ ಇದು ಸಣ್ಣ ವಿಷಯ ಅಂತ ನಾನು ಭಾವಿಸುವುದಿಲ್ಲ. 2015ರ ಇನ್ನೊಂದು ಡಚ್ ಅಧ್ಯಯನದಲ್ಲಿ ಖರ್ಚನ್ನೂ ಲೆಕ್ಕ ಹಾಕಿದರು. ಮೊದಲ ದಿನ ಪ್ಲಾಸ್ಟಿಕ್ ಅಗ್ಗ, ಆದರೆ ವರ್ಷದ ಕೊನೆಗೆ ಒಟ್ಟು ಖರ್ಚಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಉಳಿಯಲಿಲ್ಲ. ಭದ್ರಾವತಿಯವರ ಲೆಕ್ಕವೂ ಅದೇ ತಾನೇ?

ಹಾಗಂತ ಪ್ಲಾಸ್ಟಿಕ್ ಕೆಟ್ಟದ್ದಲ್ಲ. ಕ್ಯಾನ್ಸರ್ ಹೌದೋ ಅಲ್ಲವೋ ಇನ್ನೂ ಖಚಿತ ಇಲ್ಲ, ಬಯಾಪ್ಸಿ ಬಂದಿಲ್ಲ, ಆಪರೇಷನ್ ಬಗ್ಗೆ ತೀರ್ಮಾನ ಆಗಿಲ್ಲ, ಇಂಥ ಕಡೆ ತೆಗೆಯಲು ಬರುವ ಸ್ಟೆಂಟೇ ಬೇಕು. ತೀರಾ ಬಳಲಿರುವ ರೋಗಿಗೆ ಸೋಂಕು ಇಳಿಸಲು ತುರ್ತಾಗಿ ಹಾಕುವುದೂ ಉಂಟು.

ತೀರ್ಥಹಳ್ಳಿ ತೋಟದಮನೆ:

ಡಾಕ್ಟ್ರೇ, ತುಂಬಾ ಉಪಕಾರ. ಅಣ್ಣನಿಗೆ ಓದಿಸಿದೆ. ಆಸ್ಪತ್ರೆಯಲ್ಲಿ ಮೆಟಲ್ಲಿನಲ್ಲೂ ಕವರ್ಡ್, ಅನ್‌ಕವರ್ಡ್ ಅಂತ ಎರಡು ಹೇಳಿದರು. ಅದೇನು ವ್ಯತ್ಯಾಸ?

ಇನ್ನೊಂದು ಪ್ರಶ್ನೆ ಕೇಳಲೇಬೇಕು. ಏನೂ ಮಾಡಿಸದೆ ಸುಮ್ನೆ ಮನೆಯಲ್ಲೇ ಇಟ್ಟುಕೊಂಡರೆ? ಅಪ್ಪಯ್ಯ ಒಮ್ಮೊಮ್ಮೆ "ನನ್ನನ್ನು ಎಲ್ಲೂ ಕರೆದುಕೊಂಡು ಹೋಗಬೇಡಿ" ಅನ್ನುತ್ತಾರೆ.

ಜಠರ ಕರುಳು ವೈದ್ಯ:

ಅನ್‌ಕವರ್ಡ್ ಅಂದರೆ ಬರಿಯ ಜಾಲರಿ. ನಾಳದ ಗೋಡೆಗೆ ಕಚ್ಚಿ ಕೂರುತ್ತದೆ, ಜಾರುವುದು ಬಹಳ ಅಪರೂಪ. ಆದರೆ ಜಾಲರಿಯ ಕಣ್ಣುಗಳ ಮೂಲಕ ಗಡ್ಡೆ ಒಳಗೆ ಬೆಳೆದು ಮುಚ್ಚಬಹುದು. ಒಮ್ಮೆ ಗೋಡೆಗೆ ಸೇರಿಕೊಂಡರೆ ತೆಗೆಯಲು ಬರುವುದಿಲ್ಲ. ಮುಚ್ಚಿದರೆ ಅದರೊಳಗೇ ಇನ್ನೊಂದು ಹಾಕುತ್ತೇವೆ. ಆದ್ದರಿಂದ ಬಯಾಪ್ಸಿ ಖಚಿತ ಇಲ್ಲದೆ ಇದನ್ನು ಹಾಕಬಾರದು.

ಕವರ್ಡ್ ಸ್ಟೆಂಟಿಗೆ ಸಿಲಿಕೋನ್ ಅಥವಾ ಅಂಥದ್ದೇ ತೆಳು ಪದರ ಇರುತ್ತದೆ. ಗಡ್ಡೆ ಒಳಗೆ ನುಗ್ಗುವುದು ಕಡಿಮೆ, ಬೇಕಾದರೆ ತೆಗೆಯಬಹುದು. ಆದರೆ ಜಾರುವ ಸಾಧ್ಯತೆ ಹೆಚ್ಚು, ಗಸಿಯೂ ಕಟ್ಟುತ್ತದೆ. ಪಿತ್ತಕೋಶದ ಬಾಯಿ ಮುಚ್ಚಿದರೆ ಅಲ್ಲಿ ಊತ ಬರುವ ಭಯವೂ ಇದೆ. ಪಿತ್ತಕೋಶ ಈಗಾಗಲೇ ತೆಗೆದಿದ್ದರೆ ಆ ಚಿಂತೆ ಇಲ್ಲ. ಬಾಳಿಕೆಯಲ್ಲಿ ಯಾವುದು ಮೇಲು ಎಂಬುದಕ್ಕೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ನಾನು ಆಗ ಹೇಳಿದ 2015ರ ಅಧ್ಯಯನದಲ್ಲಿ ಎರಡೂ ಸಮ ಸಮ ಇದ್ದವು. ಇದನ್ನು ನಿಮ್ಮ ವೈದ್ಯರಿಗೆ ಬಿಡಿ. ನೀವು ಕೇಳಬೇಕಾದ್ದು ಎರಡು: ಬಯಾಪ್ಸಿ ಖಚಿತವಾಗಿದೆಯಾ, ಪಿತ್ತಕೋಶದ ನಾಳ ಸ್ಟೆಂಟಿನ ದಾರಿಯಲ್ಲಿ ಬರುತ್ತದಾ.

ಎರಡನೇ ಪ್ರಶ್ನೆಗೆ. ಸ್ಟೆಂಟ್ ಕ್ಯಾನ್ಸರನ್ನು ಮುಟ್ಟುವುದಿಲ್ಲ. ಹಾಕುವುದು ತುರಿಕೆ ಹೋಗಲಿ, ಊಟ ಸೇರಲಿ, ಸೋಂಕು ತಪ್ಪಲಿ ಅಂತ. ಬಿಲಿರುಬಿನ್ ಇಳಿದರೆ ಕೀಮೊ ಕೊಡುವ ದಾರಿಯೂ ತೆರೆಯಬಹುದು. ರೋಗಿ ಕೊನೆಯ ದಿನಗಳಲ್ಲಿದ್ದು, ತುರಿಕೆ, ಜ್ವರ ಇಲ್ಲದಿದ್ದರೆ ಏನೂ ಮಾಡದೆ ನೆಮ್ಮದಿಯಾಗಿ ನೋಡಿಕೊಳ್ಳುವುದೂ ಸರಿಯಾದ ಚಿಕಿತ್ಸೆಯೇ. ಆದರೆ ನಿಮ್ಮ ತಂದೆ ತುರಿಕೆಯಿಂದ ನಿದ್ದೆಗೆಟ್ಟಿದ್ದಾರೆ. ತುರಿಕೆಗೆ ಕೊಡುವ ಕೊಲೆಸ್ಟೈರಮಿನ್ ಪುಡಿ ಕರುಳಿನಲ್ಲಿ ಪಿತ್ತವನ್ನು ಹಿಡಿಯುವ ಔಷಧಿ. ನಾಳ ಪೂರ್ತಿ ಮುಚ್ಚಿದ್ದಾಗ ಕರುಳಿಗೆ ಪಿತ್ತವೇ ಬರದು, ಅದು ಕೆಲಸ ಮಾಡುವುದಾದರೂ ಹೇಗೆ? ಅವರ ಹತ್ತಿರ ಕೂತು ಕೇಳಿ: "ಅಪ್ಪಯ್ಯ, ಕಾಯಿಲೆ ವಾಸಿ ಆಗಲ್ಲ, ಆದರೆ ಈ ತುರಿಕೆ ಹೋಗುತ್ತೆ, ಒಂದೆರಡು ದಿನ ಆಸ್ಪತ್ರೆಯಲ್ಲಿ ಇರಬೇಕಾಗುತ್ತೆ, ಬರ್ತೀರಾ?" ಅಂತ. ಏನು, ಯಾಕೆ ಅಂತ ಗೊತ್ತಿಲ್ಲದೆ ಬೇಡ ಅನ್ನುವುದೇ ಬೇರೆ, ಗೊತ್ತಿದ್ದು ಬೇಡ ಅನ್ನುವುದೇ ಬೇರೆ. ತಿಳಿದ ಮೇಲೂ ಬೇಡ ಅಂದರೆ ಆ ಮಾತಿಗೆ ಬೆಲೆ ಕೊಡಿ.

ಅಪಾಯವೂ ಗೊತ್ತಿರಲಿ. ಇಆರ್‌ಸಿಪಿ ಆದ ಮೇಲೆ ಕೆಲವರಿಗೆ ಮೇದೋಜೀರಕದ ಊತ ಬರುತ್ತದೆ. ಅದನ್ನು ಕಡಿಮೆ ಮಾಡಲು ಗುದದ್ವಾರದಲ್ಲಿ ಡೈಕ್ಲೋಫಿನಾಕ್ ಅಥವಾ ಇಂಡೊಮೆಥಸಿನ್ ಗುಳಿಗೆ ಇಡುತ್ತೇವೆ. ರಕ್ತಸ್ರಾವ, ಸೋಂಕು ಕೂಡ ಆಗಬಹುದು.

ಸಾಗರದ ಟೀಚರ್:

ನಾಳದ ಮೇಲ್ಭಾಗದ ಅಡ್ಡಿ ಬಗ್ಗೆ ನಾನು ಬರೆಯುತ್ತೇನೆ, ಇಲ್ಲಿ ಓದುವ ಬೇರೆಯವರಿಗೆ ಬೇಕಾಗಬಹುದು. ನಮ್ಮ ಯಜಮಾನರಿಗೆ ಪಿತ್ತಕೋಶದ ಕ್ಯಾನ್ಸರ್ ಇತ್ತು. ಲಿವರಿನ ಎಡ, ಬಲ ನಾಳಗಳು ಕೂಡುವ ಜಾಗದಲ್ಲೇ ಗಡ್ಡೆ ಕೂತಿತ್ತು. ಇಆರ್‌ಸಿಪಿಯಲ್ಲಿ ತಂತಿ ದಾಟಲೇ ಇಲ್ಲ. ಆಮೇಲೆ ಪಿಟಿಬಿಡಿ ಮಾಡಿದರು. ಅಂದರೆ ಸ್ಕ್ಯಾನ್ ನೋಡಿಕೊಂಡು ಪಕ್ಕೆಯಿಂದ ಲಿವರ್ ಒಳಗೆ ಸೂಜಿ ಹಾಕಿ, ಪಿತ್ತ ಹೊರಗೆ ಚೀಲಕ್ಕೆ ಬರುವ ಹಾಗೆ ಕೊಳವೆ ಇಡುವುದು.

ಕಾಮಾಲೆ ಇಳಿಯಿತು. ಆದರೆ ಚೀಲದ ಜೊತೆಗಿನ ಬದುಕು ಕಷ್ಟ. ನಮ್ಮೂರಿನ ಮಳೆಗೆ ಮನೆಯೊಳಗೇ ಬಟ್ಟೆ ಒಣಗುವುದಿಲ್ಲ, ಡ್ರೆಸ್ಸಿಂಗ್ ಒದ್ದೆಯಾಗದಂತೆ ನೋಡಿಕೊಳ್ಳುವುದೇ ಒಂದು ಕೆಲಸ. ನಿದ್ದೆಯಲ್ಲಿ ಹೊರಳಿದರೆ ಕೊಳವೆ ಎಳೆಯುತ್ತದೆ. ಸಲೈನ್ ಹಾಕಿ ತೊಳೆಯುವುದನ್ನು ಸಿಸ್ಟರ್ ಹತ್ತಿರ ಕಲಿತುಕೊಂಡೆ. ಚೀಲದಲ್ಲಿ ಎಷ್ಟು ಬಂತು, ಯಾವ ಬಣ್ಣ ಅಂತ ದಿನಾ ಬರೆದಿಡುತ್ತಿದ್ದೆ. ಒಮ್ಮೆಲೇ ಕಡಿಮೆಯಾದರೆ ಕೊಳವೆ ಕಟ್ಟಿದೆ ಅಥವಾ ಜಾರಿದೆ ಅಂತ ಅರ್ಥ. ಪಿತ್ತದ ಜೊತೆ ಉಪ್ಪು, ನೀರು ಹೋಗುತ್ತದೆ, ಜಾಸ್ತಿ ಹೋದರೆ ಸುಸ್ತಾಗುತ್ತದೆ. ಕೊನೆಗೆ ಅದೇ ದಾರಿಯಲ್ಲಿ ಒಳಗೆ ಮೆಟಲ್ ಸ್ಟೆಂಟ್ ಇಟ್ಟು ಹೊರಗಿನ ಕೊಳವೆ ತೆಗೆದರು. ಅವತ್ತು ಯಜಮಾನರು "ಇವತ್ತು ಅಂಗಿ ಹಾಕ್ಕೋತೀನಿ" ಅಂದರು.

ಇಂಥ ಕೇಸಿನಲ್ಲಿ ಮೊದಲು ಎಂಆರ್‌ಸಿಪಿ, ಅಂದರೆ ಪಿತ್ತನಾಳಗಳ ಎಂಆರ್‌ಐ ಸ್ಕ್ಯಾನ್, ಆಗಿದೆಯಾ ಅಂತ ಕೇಳಿ. ಯಾವ ನಾಳ ತೆರೆದರೆ ಲಾಭ ಅಂತ ಅದರಲ್ಲೇ ಗೊತ್ತಾಗುವುದು.

ಜಠರ ಕರುಳು ವೈದ್ಯ:

ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ಮೇಲ್ಭಾಗದ ಅಡ್ಡಿಯಲ್ಲಿ ಲಿವರಿನ ಅರ್ಧಕ್ಕಿಂತ ಹೆಚ್ಚು ಭಾಗದ ಪಿತ್ತ ಹರಿಯುವಂತೆ ಮಾಡುವುದು ಗುರಿ. ಅದಕ್ಕೆ ಕೆಲವೊಮ್ಮೆ ಎರಡು ಸ್ಟೆಂಟ್ ಬೇಕು. ಅಲ್ಲಿ ಮೆಟಲ್ ಹಾಕುವುದಾದರೆ ಸಾಮಾನ್ಯವಾಗಿ ಅನ್‌ಕವರ್ಡ್, ಯಾಕೆಂದರೆ ಕವರ್ ಪಕ್ಕದ ಕವಲುಗಳನ್ನು ಮುಚ್ಚಿಬಿಡುತ್ತದೆ. ಇಆರ್‌ಸಿಪಿಯಲ್ಲಿ ನಾಳ ಎಕ್ಸ್‌ರೇಗೆ ಕಾಣಲಿ ಅಂತ ಹಾಕುವ ದ್ರವ ಒಳಗೆ ಹೋಗಿ, ಹೊರಗೆ ಹರಿಯಲು ದಾರಿ ಸಿಗದ ಕವಲಿನಲ್ಲಿ ಸೋಂಕಾಗುತ್ತದೆ. ಇಂಥ ಕೇಸುಗಳು ಇದನ್ನೇ ಹೆಚ್ಚು ಮಾಡುವ ದೊಡ್ಡ ಕೇಂದ್ರದಲ್ಲಿ ಆಗಬೇಕು. ಇಆರ್‌ಸಿಪಿ ಆಗದಿದ್ದಾಗ, ಅನುಭವ ಇರುವ ಕಡೆ, ಇಯುಎಸ್ ಎಂಬ ಅಲ್ಟ್ರಾಸೌಂಡ್ ಎಂಡೋಸ್ಕೋಪ್ ಮೂಲಕ ಜಠರದಿಂದಲೋ ಸಣ್ಣ ಕರುಳಿನಿಂದಲೋ ನಾಳಕ್ಕೆ ಹೊಸ ದಾರಿ ಮಾಡುವುದೂ ಇದೆ.

ಹೊಸನಗರದ ಸೊಸೆ:

ಸ್ಟೆಂಟಿನ ದರ, ಸರ್ಕಾರಿ ಯೋಜನೆಯ ವಿಷಯ ಯಾರೂ ಬರೆದಿಲ್ಲ. ಪ್ಲಾಸ್ಟಿಕ್ ಕೆಲವು ಸಾವಿರದ ಲೆಕ್ಕ, ಮೆಟಲ್ ಹತ್ತಾರು ಸಾವಿರದ ಲೆಕ್ಕ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ, ತುರ್ತು ಅಲ್ಲದಿದ್ದಾಗ, ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರೆ. ನಮ್ಮ ಕಡೆಯವರು ಆ ರೆಫರಲ್ ಅನ್ನು ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸುತ್ತಾರೆ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಹಿಡಿದು, ಯಾವ ಸ್ಟೆಂಟ್ ಪ್ಯಾಕೇಜಿನಲ್ಲಿ ಬರುತ್ತದೆ, ಎಷ್ಟು ನಾವು ಕೊಡಬೇಕು ಅಂತ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಕೌಂಟರಿನ ಮುಂದೆ ನಿಂತು ಕಣ್ಣೀರು ಹಾಕುವುದು ಬೇಡ.

ತೀರ್ಥಹಳ್ಳಿಯವರೇ, ನಿಮ್ಮ ದೂರದ ಲೆಕ್ಕವೂ ಮುಖ್ಯ. ಜುಲೈನಲ್ಲಿ ಘಾಟಿ ಕುಸಿದರೆ ಮಣಿಪಾಲದ ಆಸ್ಪತ್ರೆಗೆ ಹೋಗುವ ದಾರಿಯೇ ಬದಲಾಗುತ್ತದೆ. ಆಗುಂಬೆ ಘಾಟಿ ಬಂದ್ ಇದ್ದರೆ ಬಾಳೆಬರೆ ಘಾಟಿ ಸುತ್ತಬೇಕು, ಅಲ್ಲೂ ಮಣ್ಣು ಜಾರುತ್ತದೆ. ಮೂರು ತಿಂಗಳಿಗೊಮ್ಮೆ ಬದಲಾಯಿಸುವ ಸ್ಟೆಂಟ್ ಹಾಕಿಸಿಕೊಂಡು ಮಳೆಗಾಲ ಕಳೆಯುವುದು ನಮ್ಮಂಥ ಊರಿನವರಿಗೆ ಬೆಂಗಳೂರಿನವರಿಗಿಂತ ಕಷ್ಟ. ಇದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ನಮ್ಮ ಮನೆ ಎಲ್ಲಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಎಂಡೋಸ್ಕೋಪಿ ಸಿಸ್ಟರ್, ಶಿವಮೊಗ್ಗ:

ಅದಕ್ಕೇ ಸೇರಿಸುತ್ತೇನೆ. ಯಾವ ಸ್ಟೆಂಟ್ ಆದರೂ, ಚಳಿ ಜ್ವರ ಬಂದರೆ, ಕಣ್ಣು ಮತ್ತೆ ಹಳದಿಯಾದರೆ, ಮೂತ್ರ ಮತ್ತೆ ಕಪ್ಪಾದರೆ ಬೆಳಗಾಗಲಿ ಅಂತ ಕಾಯಬೇಡಿ. ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಇಳಿಯಬಹುದು, ಒಳಗಿನ ಸೋಂಕು ಹೋಗುವುದಿಲ್ಲ. ಸ್ಟೆಂಟ್ ಹಾಕಿದ ಆಸ್ಪತ್ರೆಗೇ ಹೋಗಬೇಕು ಅಂತ ಘಾಟಿಯಲ್ಲಿ ಸಿಕ್ಕಿಕೊಳ್ಳಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಡ್ರಿಪ್, ಆ್ಯಂಟಿಬಯಾಟಿಕ್ ಶುರುವಾಗಲಿ. ಅಲ್ಲಿಂದಲೇ ಫೋನ್ ಮಾಡಿ ಮುಂದಿನದನ್ನು ನೋಡಿ. "ಪಿತ್ತನಾಳದಲ್ಲಿ ಸ್ಟೆಂಟ್ ಇದೆ" ಎಂಬ ಮಾತನ್ನು ಬಾಗಿಲಲ್ಲೇ ಹೇಳಿ. ಹೃದಯದ ಸ್ಟೆಂಟ್ ಅಂದುಕೊಳ್ಳುವವರು ಬಹಳ.

ತೀರ್ಥಹಳ್ಳಿ ತೋಟದಮನೆ:

ಎಲ್ಲರಿಗೂ ತಿಳಿಸಬೇಕು ಅಂತ ಬರೆಯುತ್ತಿದ್ದೇನೆ. ಡಾಕ್ಟ್ರು ಹೇಳಿದ ಹಾಗೇ ಅಪ್ಪಯ್ಯನ ಹತ್ತಿರ ಕೂತು ಕೇಳಿದೆ. "ತುರಿಕೆ ಹೋಗುತ್ತೆ ಅಂದ್ರೆ ನಡಿ" ಅಂದರು. ಬಯಾಪ್ಸಿ ಖಚಿತ ಇತ್ತು. ಮನೆ ಎಷ್ಟು ಒಳಗಿದೆ ಅಂತ ಹೇಳಿದ ಮೇಲೆ ವೈದ್ಯರೂ ಮೆಟಲ್ಲೇ ಸೂಕ್ತ ಅಂದರು. ಪಿತ್ತಕೋಶದ ನಾಳ ಗಡ್ಡೆಯ ಹತ್ತಿರವೇ ಇದೆ ಅಂತ ಅನ್‌ಕವರ್ಡ್ ಹಾಕಿದರು. ಅಣ್ಣನೇ ಮುಂದೆ ನಿಂತು ಎಲ್ಲ ಓಡಾಡಿದ.

ತುರಿಕೆ ಹೋಗಿದೆ. ಗಾಯಗಳು ಒಣಗುತ್ತಿವೆ. ಬಿಲಿರುಬಿನ್ ಅರ್ಧಕ್ಕಿಂತ ಕೆಳಗಿಳಿದಿದೆ, ಪೂರ್ತಿ ಇಳಿಯಲು ಇನ್ನೂ ಕೆಲವು ವಾರ ಬೇಕು ಅಂದಿದ್ದಾರೆ. ನೋವಿಗೆ ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದಾರೆ, ಮಲಬದ್ಧತೆಗೆ ಔಷಧಿಯೂ ಜೊತೆಗೇ ಇದೆ. ಅತ್ತೆ ಮಾತ್ರ ಕಾಮಾಲೆ ಪಥ್ಯ ಅಂತ ಎಣ್ಣೆ, ತುಪ್ಪ, ಮೊಟ್ಟೆ ಎಲ್ಲ ನಿಲ್ಲಿಸಿ ಗಂಜಿ ಮಾತ್ರ ಕೊಡುತ್ತಿದ್ದಾರೆ. ಊಟ ಜೀರ್ಣವಾಗಲು ಆಸ್ಪತ್ರೆಯಲ್ಲಿ ಕಿಣ್ವದ ಕ್ಯಾಪ್ಸೂಲ್ ಕೊಟ್ಟಿದ್ದಾರೆ, ಊಟಕ್ಕೆ ಮೊದಲೋ ಆಮೇಲೋ ನೆನಪಾಗುತ್ತಿಲ್ಲ.

ಜಠರ ಕರುಳು ವೈದ್ಯ:

ಒಳ್ಳೆಯ ಸುದ್ದಿ. ಕ್ಯಾಪ್ಸೂಲ್ ಊಟದ ಜೊತೆಗೇ. ಮೊದಲ ತುತ್ತಿನ ಜೊತೆ ಕೊಡಿ. ಒಂದಕ್ಕಿಂತ ಹೆಚ್ಚು ಬರೆದಿದ್ದರೆ ಉಳಿದದ್ದು ಊಟದ ನಡುವೆ. ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿದರೆ ಅನ್ನದ ಜೊತೆ ಬೆರೆಯುವುದಿಲ್ಲ. ಬಿಸಿ ಗಂಜಿಗೆ ಬಿಡಿಸಿ ಹಾಕಬೇಡಿ, ಕ್ಯಾಪ್ಸೂಲಿನೊಳಗಿನ ಕಾಳು ಅಗಿಯುವುದೂ ಬೇಡ. ಮಲ ಜಿಡ್ಡಾಗಿ ನೀರಿನ ಮೇಲೆ ತೇಲುತ್ತಿದ್ದರೆ ಪ್ರಮಾಣ ಸಾಲುತ್ತಿಲ್ಲ ಅಂತ, ವೈದ್ಯರಿಗೆ ತಿಳಿಸಿ. ತಿಂದದ್ದೆಲ್ಲ ವಾಂತಿಯಾಗಲು ಶುರುವಾದರೆ ಗಡ್ಡೆ ಸಣ್ಣ ಕರುಳನ್ನೂ ಒತ್ತುತ್ತಿರಬಹುದು, ಆಗ ತಡಮಾಡದೆ ತೋರಿಸಿ.

ಪಥ್ಯದ ವಿಷಯ ಅತ್ತೆಯವರಿಗೆ ನನ್ನ ಮಾತಾಗಿ ಹೇಳಿ. ಬೇಯಿಸಿದ ಮೊಟ್ಟೆ, ಮೀನು ತಿನ್ನುವವರಾದರೆ ಮೀನು, ಬೇಳೆ, ಮೊಸರು, ಗಂಜಿಗೆ ಒಂದು ಚಮಚ ತುಪ್ಪ, ಏನು ಸೇರುತ್ತದೋ ಅದನ್ನು ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಕೊಡಲಿ.